ಹಿಂದುಮುಂದಾದ ಕಥೆ: ಕಾರ್ಡಿನ ಬೆನ್ನಿಗೆ ರೇಟು ಬರೆದ ಮೇಲೆ ದಾರಿಗೆ ಬಂತು

ಹತ್ತು ನಿಮಿಷದ ಚಿತ್ರದಲ್ಲಿ ಕಾಲವನ್ನು ಹಿಂದೆಮುಂದೆ ಮಾಡಬೇಡಿ, ನೋಡುವವರ ತಲೆ ಕೆಡುತ್ತದೆ ಎಂದು ಹೇಳದವರೇ ಇರಲಿಲ್ಲ. ಈಗ ನಮ್ಮ ಕಿರುಚಿತ್ರ ಮುಗಿದಿದೆ, ನೋಡಿದವರು ನಡೆದದ್ದನ್ನು ನಡೆದ ಕ್ರಮದಲ್ಲೇ ತಿರುಗಿ ಹೇಳುತ್ತಿದ್ದಾರೆ. ಮಂಗಳೂರು, ಉಡುಪಿ ಕಡೆ ಕಿರುಚಿತ್ರಕ್ಕೆ ಕೈಹಾಕುವ ವಿದ್ಯಾರ್ಥಿಗಳಿಗೆ ಬೇಕಾದೀತೆಂದು ಕಥೆ ಹುಡುಕಿದ ರೀತಿಯನ್ನಷ್ಟೇ ಬರೆಯುತ್ತೇನೆ. ಕ್ಯಾಮೆರಾ, ಎಡಿಟಿಂಗ್ ಎಲ್ಲ ನಿಮಗೆ ಗೊತ್ತಿದ್ದದ್ದೇ.

ಮೊದಲು, ನಡೆಯದ ದಾರಿಗಳು. ಸುತ್ತ ಕೂತು ‘ನೆನಪು’, ‘ಪಶ್ಚಾತ್ತಾಪ’ ಎಂದು ವಿಷಯ ಎತ್ತಿಕೊಂಡರೆ ಕವನ ಹುಟ್ಟುತ್ತದೆ, ದೃಶ್ಯ ಹುಟ್ಟುವುದಿಲ್ಲ. ಯಾವ ಗುಂಪು ಕೂತರೂ ಮೂರು ಐಡಿಯಾ ಬಂದೇ ಬರುತ್ತವೆ: ಎಲ್ಲ ಕನಸು, ನಾಯಕನಿಗೆ ಮರೆವಿನ ಕಾಯಿಲೆ, ಒಂದೇ ದಿನ ಮತ್ತೆ ಮತ್ತೆ ಬರುವುದು. ಮೂರನ್ನೂ ಮೊದಲೇ ಬೋರ್ಡಿನಲ್ಲಿ ಬರೆದು ಅಡ್ಡಗೆರೆ ಎಳೆದರೆ ಅರ್ಧ ಸಂಜೆ ಉಳಿಯುತ್ತದೆ. ನೇರ ಕಥೆಯನ್ನೇ ಶೂಟ್ ಮಾಡಿ, ಎಡಿಟಿಂಗ್‌ನಲ್ಲಿ ಕಲಸುವ ಉಪಾಯವೂ ಸೋತಿತು. ಕಾರಣದ ಮೇಲೆಯೇ ನಿಂತ ದೃಶ್ಯವನ್ನು ಕಿತ್ತು ಮುಂದಿಟ್ಟರೆ ಅದು ಪ್ರಶ್ನೆ ಎತ್ತುವುದಿಲ್ಲ, ಅರ್ಧಂಬರ್ಧ ಕಾಣುತ್ತದೆ ಅಷ್ಟೆ. “ಎಂತ ಮಾರಾಯ, ಆಗ ಸತ್ತವ ಈಗ ಚಾ ಕುಡೀತಾನೆ?” ಎಂದು ಕೇಳಿಸಿಕೊಂಡದ್ದು ಅದಕ್ಕೇ.

ಕೈಹಿಡಿದದ್ದು ಫಲದಿಂದ, ಅಂದರೆ ಆಗಿಹೋದ ಪರಿಣಾಮದಿಂದ, ಶುರು ಮಾಡಿದಾಗ. ಐದಾರು ಜನ, ಅಂಚೆ ಕಾರ್ಡಿನ ಅಳತೆಗೆ ಕತ್ತರಿಸಿದ ಎರಡು ಬಣ್ಣದ ಚಾರ್ಟ್ ಪೇಪರ್. ಬಿಳಿ ಕಾರ್ಡಿನಲ್ಲಿ ಕಾರಣ ಹೇಳದ ಫಲ ಮಾತ್ರ, ಒಬ್ಬೊಬ್ಬರಿಗೆ ಏಳೆಂಟು. ಉದಾಹರಣೆಗೆ: ಮದುವೆ ಚಪ್ಪರದ ಹಿಂದೆ ಮದುಮಗ ಪಾತ್ರೆ ತೊಳೆಯುತ್ತಿದ್ದಾನೆ. ಧಕ್ಕೆಯ (ಮೀನಿನ ಬೋಟು ನಿಲ್ಲುವ ಬಂದರು ಕಟ್ಟೆ) ಹರಾಜಿನಲ್ಲಿ ಹೆಂಗಸೊಬ್ಬಳು ತನ್ನದೇ ಬುಟ್ಟಿಯ ಮೀನಿಗೆ ರೇಟು ಕೂಗುತ್ತಿದ್ದಾಳೆ. ಕ್ಯಾಮೆರಾಕ್ಕೆ ಕಾಣದ್ದನ್ನು ಬರೆಯುವಂತಿಲ್ಲ. ‘ಅವನಿಗೆ ನೆನಪಾಗುತ್ತದೆ’ ಎಂಬ ಕಾರ್ಡು ಅಲ್ಲಿಯೇ ಹರಿಯಬೇಕು. ಆಮೇಲೆ ಕಾರ್ಡು ಬಲಬದಿಯವರಿಗೆ ಹೋಗುತ್ತದೆ. ಅವರು ಹಳದಿ ಕಾರ್ಡಿನಲ್ಲಿ ಎರಡು ಕಾರಣ ಬರೆಯುತ್ತಾರೆ: ಒಂದು ಯಾರಿಗೂ ಹೊಳೆಯುವಂಥದ್ದು, ಇನ್ನೊಂದು ಆ ವ್ಯಕ್ತಿಯ ಬಗ್ಗೆ ನಮ್ಮ ಅಭಿಪ್ರಾಯವನ್ನೇ ತಿರುಗಿಸುವಂಥದ್ದು. ಮೊದಲನೆಯದು ಕಸಕ್ಕೆ. ನಲವತ್ತರ ಹತ್ತಿರ ಇದ್ದ ಜೋಡಿಗಳಲ್ಲಿ ಎರಡನೇ ಕಾರಣ ಗಟ್ಟಿಯಾಗಿದ್ದ ಆರೇಳು ಮಾತ್ರ ಉಳಿದವು. ಉಳಿದವನ್ನು ಕಾರಣ ಮೊದಲು, ಫಲ ಆಮೇಲೆ ಎಂದು ಜೋರಾಗಿ ಓದಿ ನೋಡಿ. ಹಾಗೆ ಓದಿದಾಗಲೇ ಚೆನ್ನಾಗಿದ್ದರೆ ಅದು ನೇರ ಚಿತ್ರದ ಕಥೆ, ಎತ್ತಿಡಿ.

ಈಗ ಕಾರ್ಡಿನ ಬೆನ್ನು. ಅಲ್ಲಿ ಎರಡೇ ವಿಷಯ: ಇದು ಯಾವಾಗ ನಡೆದದ್ದೆಂದು ಕಣ್ಣಿಗೆ ಕಾಣುವ ಗುರುತು, ಮತ್ತು ರೂಪಾಯಿ. ಕಾಲ ಒಮ್ಮೆ ಜಿಗಿದರೆ ಬಟ್ಟೆ, ತಲೆಗೂದಲು, ಕೆಲವೊಮ್ಮೆ ಇನ್ನೊಂದು ದಿನದ ಬಾಡಿಗೆ, ಊಟ ಎಲ್ಲ ಅದರ ಹಿಂದೆ ಬರುತ್ತದೆ. ಎಲ್ಲರಿಗೂ ಇಷ್ಟವಾಗಿದ್ದ ಕಥೆಯಲ್ಲಿ ಹತ್ತು ವರ್ಷದ ಜಿಗಿತ ಇತ್ತು. ಬಾಲನಟ, ಹಂಚಿನ ಮನೆ, ಹಳೇ ಸ್ಕೂಟರ್ ಕೂಡಿಸಿದರೆ ನಲವತ್ತೈದು ಸಾವಿರದ ಮೇಲೆ. ಬೆನ್ನಿಗೆ ರೇಟು ಬಿದ್ದ ಕೂಡಲೇ ವಾದ ನಿಂತಿತು. ಕೊನೆಗೆ ಆರಿಸಿದ ಕಥೆ ಹದಿನೇಳು ಸಾವಿರದ ಆಸುಪಾಸಿನಲ್ಲಿ ಮುಗಿಯಿತು. ಅದರಲ್ಲಿ ಕ್ಯಾಮೆರಾ, ಲೆನ್ಸ್ ಬಾಡಿಗೆ ಐದಾರು ಸಾವಿರ, ಊಟ-ಓಡಾಟ ಅದಕ್ಕಿಂತ ಜಾಸ್ತಿ, ಮಳೆಗೆ ಶೂಟಿಂಗ್ ನಿಂತಾಗ ವಾಪಸ್ ಬಾರದ ಲೈಟಿನ ಅಡ್ವಾನ್ಸ್ ಎರಡು ಸಾವಿರ.

ಗುರುತಿನ ವಿಷಯದಲ್ಲಿ ಬಣ್ಣವನ್ನು ನಂಬಬೇಡಿ. ಹಿಂದಿನದಕ್ಕೆ ಹಳದಿ, ಈಗಿನದಕ್ಕೆ ನೀಲಿ ಎಂದು ಗ್ರೇಡಿಂಗ್ ಮಾಡಿದರೆ ಲ್ಯಾಪ್‌ಟಾಪಿನಲ್ಲಿ ಚಂದ, ಸಭಾಂಗಣದ ಹಳೇ ಪ್ರೊಜೆಕ್ಟರಿನಲ್ಲಿ ಎರಡೂ ಬೂದಿ. ‘೩ ತಿಂಗಳ ಹಿಂದೆ’ ಎಂದು ಬರೆದು ತೋರಿಸಿದರೂ ಅರ್ಧ ಜನ ಓದುವುದಿಲ್ಲ. ಸ್ಥಿತಿ ಬದಲಾಗುವ ವಸ್ತು ಬೇಕು. ನಮ್ಮದು ಕೈಯ ಪ್ಲಾಸ್ಟರ್: ಹೊಸದು, ಕೊಳಕಾದದ್ದು, ಬಿಚ್ಚಿದ ಕೈ. ಮೂರು ಕಾಲ ಒಂದೇ ನೋಟಕ್ಕೆ. ಮೆಡಿಕಲ್‌ನಲ್ಲಿ ಸಿಗುವ ಪ್ಲಾಸ್ಟರ್ ಬ್ಯಾಂಡೇಜು ಎರಡು ರೋಲು ಸಾಕು. ಕೈಗೆ ಕಾಲುಚೀಲ ಹಾಕಿ, ಮೇಲೆ ಹತ್ತಿ ಸುತ್ತಿ, ರೋಲನ್ನು ನೀರಿನಲ್ಲಿ ಗುಳ್ಳೆ ನಿಲ್ಲುವ ತನಕ ಅದ್ದಿ, ಹಗುರವಾಗಿ ಹಿಂಡಿ ಸುತ್ತುವುದು. ಐದು-ಹತ್ತು ನಿಮಿಷದಲ್ಲಿ ಬಿಗಿಯುತ್ತದೆ, ಆಗ ಸ್ವಲ್ಪ ಬಿಸಿಯಾಗುತ್ತದೆ, ಗಾಬರಿ ಬೇಡ. ಚೆನ್ನಾಗಿ ಗಟ್ಟಿಯಾದ ಮೇಲೆ ಒಳಬದಿಯಲ್ಲಿ ಉದ್ದಕ್ಕೆ ಸೀಳಿ ಚಿಪ್ಪಿನ ಹಾಗೆ ತೆಗೆದಿಡಿ. ಬೇಕಾದಾಗ ತೊಡಿಸಿ ಬಿಳಿ ಟೇಪು ಹಚ್ಚಬಹುದು. ಸೀಳಲು ಕತ್ತರಿ ಮಾತ್ರ, ಬ್ಲೇಡು ಚರ್ಮಕ್ಕೆ ತಾಗುತ್ತದೆ. ಮಳೆಗಾಲದಲ್ಲಿ ಪೂರ್ತಿ ಒಣಗಲು ಎರಡು ದಿನ ಬೇಕು. ಚಾದ ಡಿಕಾಕ್ಷನ್‌ಗೆ ಚಿಟಿಕೆ ಬೂದಿ ಹಾಕಿ ಬಟ್ಟೆಯಲ್ಲಿ ಒತ್ತಿದರೆ ಕೊಳಕು ಬರುತ್ತದೆ. ಹೊಸದರ ಶಾಟು ಎಲ್ಲ ಮುಗಿದ ಮೇಲೆಯೇ ಒತ್ತಬೇಕು, ಮತ್ತೆ ಬಿಳಿ ಆಗುವುದಿಲ್ಲ.

ಊರು ಪುಕ್ಕಟೆ ಕೊಡುವ ಗುರುತುಗಳೂ ಉಂಟು. ಜೂನ್ ೧ರಿಂದ ಜುಲೈ ೩೧ರ ತನಕ, ೬೧ ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಲ್ಪೆಯಲ್ಲಿ, ಮಂಗಳೂರಿನ ಧಕ್ಕೆಯಲ್ಲಿ ಬೋಟುಗಳು ಒಂದಕ್ಕೊಂದು ತಾಗಿ ನಿಂತಿರುತ್ತವೆ. ಆಗಸ್ಟಿನಲ್ಲಿ ಅದೇ ಜಾಗ ಬೇರೆಯೇ ಕಾಣುತ್ತದೆ. ಒಂದೇ ಫ್ರೇಮು, ಎರಡು ಕಾಲ, ಸೆಟ್ಟಿನ ಖರ್ಚಿಲ್ಲ. ಆದರೆ ಸಮುದ್ರ ಖಾಲಿ ಎಂದು ತೋರಿಸಲು ಹೋಗಬೇಡಿ, ಆಗಲೂ ನಾಡದೋಣಿ ಹೋಗುತ್ತದೆ, ಇಲ್ಲಿಯವರು ನಗುತ್ತಾರೆ. ಯಕ್ಷಗಾನದ ರಂಗಸ್ಥಳ ಕಂಡರೆ ಪತ್ತನಾಜೆಗಿಂತ (ಮೇ ಕೊನೆಗೆ ಮೇಳಗಳ ತಿರುಗಾಟ ಮುಗಿಯುವ ದಿನ) ಮುಂಚೆ ಎಂದು ಇಲ್ಲಿ ಅರ್ಥವಾಗುತ್ತದೆ, ಘಟ್ಟದ ಮೇಲಿನವರಿಗೆ ಆಗುವುದಿಲ್ಲ. ಹೊರಗಿನ ಸ್ಪರ್ಧೆಗೆ ಕಳಿಸುವುದಿದ್ದರೆ ಅದೊಂದನ್ನೇ ನೆಚ್ಚಬಾರದು.

ಕೆಲಸಕ್ಕೆ ನೇರ ಸಂಬಂಧ ಇಲ್ಲದಿದ್ದರೂ ಒಂದು ಪ್ರಯೋಗ ಮಾಡಿದೆವು. ಯಕ್ಷಗಾನದ್ದೇ ಕೂತು ಮಾತಾಡುವ ರೂಪವಾದ ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಹಿಂದೆ ನಡೆದದ್ದೆಲ್ಲ ಕೂತಲ್ಲೇ ಮಾತಿನಲ್ಲಿ ಬರುತ್ತದೆ. ಅದೇ ರೀತಿ ಒಂದು ಫ್ಲ್ಯಾಶ್‌ಬ್ಯಾಕನ್ನು ತೆಗೆದು, ಇಬ್ಬರನ್ನು ಎದುರುಬದುರು ಕೂರಿಸಿ ವಾದ ಮಾಡಿಸಿದೆವು. ಮೂರು ಸಾವಿರ ಉಳಿಯಿತು. ಆದರೆ ಒಂದೂವರೆ ನಿಮಿಷ ದಾಟಿದರೆ ಕ್ಯಾಮೆರಾ ಎದುರು ಅದು ಭಾಷಣ. ಇಬ್ಬರೂ ಒಂದೇ ಘಟನೆಯನ್ನು ಬೇರೆ ಬೇರೆ ಹೇಳಿದರೆ ಮಾತ್ರ ನಿಲ್ಲುತ್ತದೆ. ತಗಡಿನ ಶೀಟಿನ ಕೆಳಗೆ ಮಳೆ ಬರುವಾಗ ಅಂಥ ದೃಶ್ಯ ತೆಗೆದರೆ ಮಾತು ಒಂದೂ ಸಿಗುವುದಿಲ್ಲ.

ಸ್ಕ್ರಿಪ್ಟ್ ಬರೆಯುವ ಮುಂಚೆ ಕೊನೆಯ ಪರೀಕ್ಷೆ. ಆರಿಸಿದ ಕಥೆಯ ಒಂಬತ್ತು ದೃಶ್ಯಗಳನ್ನು ಒಂದೊಂದು ಕಾರ್ಡಿಗೆ ಬರೆದು ಕಲಸಿ, ಕಥೆ ಗೊತ್ತಿಲ್ಲದ ನಾಲ್ಕೈದು ಜನರಿಗೆ ಮೆಸ್ಸಿನಲ್ಲಿ ಒಬ್ಬೊಬ್ಬರಿಗೇ ಕೊಡಿ, ನಡೆದ ಕ್ರಮದಲ್ಲಿ ಜೋಡಿಸಲು ಹೇಳಿ. ಎಲ್ಲರೂ ಒಂದೇ ನಿಮಿಷದಲ್ಲಿ ಜೋಡಿಸಿದರೆ ಹಿಂದುಮುಂದು ಮಾಡಿದ್ದು ದಂಡ. ಒಬ್ಬೊಬ್ಬರು ಒಂದೊಂದು ರೀತಿ ಜೋಡಿಸಿದರೆ ಗುರುತು ಸಾಲದು. ಎಲ್ಲರೂ ಒಂದೇ ಜಾಗದಲ್ಲಿ ತಡವರಿಸಬೇಕು, ಆ ಜಾಗ ನೀವು ಮೊದಲೇ ಗುರುತಿಟ್ಟದ್ದೇ ಆಗಿರಬೇಕು. ಅಲ್ಲಿ ಎರಡು ಕಾಲವನ್ನು ಶಬ್ದದಿಂದ ಹೊಲಿಯುವ ಒಂದು ಉಪಾಯ ನಮ್ಮಲ್ಲಿ ಉಂಟು. ಮುಂದಿನ ಚಿತ್ರಕ್ಕೆ ಬೇಕು, ಹೇಳುವುದಿಲ್ಲ.

ಶಾಟಿನ ಮೊದಲು ಕ್ಯಾಮೆರಾ ಎದುರು ಹಿಡಿಯುವ ಕ್ಲ್ಯಾಪ್ ಬೋರ್ಡಿನಲ್ಲಿ ಎರಡು ಗುರುತು ಬರೆಯಿರಿ: ನಡೆದ ಕ್ರಮಕ್ಕೆ ಅಂಕೆ, ತೆರೆಯ ಕ್ರಮಕ್ಕೆ ಅಕ್ಷರ. ‘೩-ಉ’ ಎಂದರೆ ಮೂರನೆಯದಾಗಿ ನಡೆದದ್ದು, ಐದನೆಯದಾಗಿ ಕಾಣುವುದು. ಎಡಿಟಿಂಗ್‌ನಲ್ಲಿ ಅಕ್ಷರ ನಾಲ್ಕು ಸಲ ಬದಲಾಗುತ್ತದೆ, ಅಂಕೆಯನ್ನು ಮುಟ್ಟಬೇಡಿ. ಫೈಲಿನ ಹೆಸರಿನಲ್ಲಿ ಅಂಕೆಯೇ ಮೊದಲು ಬರಲಿ.