ಚಿರೆಕಲ್ಲಿನ ಪುಡಿ, 1220 ಡಿಗ್ರಿ ಮತ್ತು ಹೋಟೆಲ್ ತಟ್ಟೆ: ನನ್ನ ಅನುಭವ

ಗೋವಾದ ಚಿರೆಕಲ್ಲಿನ (ಕಬ್ಬಿಣದ ಅಂಶವಿರುವ ಕೆಂಪು ಕಲ್ಲು) ಪುಡಿಯಿಂದ ಎಲೆಕ್ಟ್ರಿಕ್ ಕಿಲ್ನ್‌ನಲ್ಲೂ (ಪಾತ್ರೆ ಸುಡುವ ಕರೆಂಟಿನ ಗೂಡು) ಒಳ್ಳೆಯ ಕೆಂಪು ಗ್ಲೇಜ್ (ಮಣ್ಣಿನ ಪಾತ್ರೆಯ ಮೇಲಿನ ಗಾಜಿನಂಥ ಲೇಪ) ಬರುತ್ತದೆ. ಬರಲ್ಲ ಅಂದವರೇ ಜಾಸ್ತಿ. ಪುಣೆಯ ಗೆಳೆಯನೊಬ್ಬ ಈ ಕಸುಬಿನಲ್ಲಿ ನನಗಿಂತ ಹಳಬ. "ಪ್ಯಾಕೆಟ್ ಐರನ್ ಆಕ್ಸೈಡ್ ಸಿಗುತ್ತಲ್ಲ, ಕಲ್ಲು ಕುಟ್ಕೊಂಡು ಯಾಕೆ ಸಾಯ್ತೀಯ?" ಅಂತ ನಕ್ಕಿದ್ದ. ಈಗ ಪಣಜಿ, ಅಸಗಾಂವ್ ಕಡೆಯ ಆರೇಳು ಹೋಟೆಲ್‌ಗಳಲ್ಲಿ ನನ್ನ ತಟ್ಟೆಗೇ ಊಟ ಬಡಿಸುತ್ತಾರೆ. ಹೋದ ಮಳೆಗಾಲದಲ್ಲಿ ಅವನೇ ಮೆಸೇಜ್ ಮಾಡಿ ಒಂದು ಡಬ್ಬ ಪುಡಿ ಕೇಳಿದ. ಕಳಿಸಿದೆ, ದುಡ್ಡು ತಗೊಂಡೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಖರ್ಚು ಉಳಿಸುವ ದಾರಿ ಅಲ್ಲ. ಐರನ್ ಆಕ್ಸೈಡ್ ಅಗ್ಗವೇ, ಒಂದು ತಟ್ಟೆಗೆ ಹಿಡಿಯುವುದು ಕೆಲವೇ ಗ್ರಾಂ. ಆದರೆ ಇಲ್ಲಿನ ಅಕ್ಕಿ, ಇಲ್ಲಿನ ಮೀನು, ಇಲ್ಲಿನ ಫೆನಿ ಅಂತ ಮೆನುವಿನಲ್ಲಿ ಬರೆಯುವ ಹೋಟೆಲ್‌ನವರಿಗೆ ತಟ್ಟೆಯ ಬಣ್ಣವೂ ಇಲ್ಲಿನ ಕಲ್ಲಿನದೇ ಅಂದರೆ ಕಿವಿ ನೆಟ್ಟಗಾಗುತ್ತದೆ. ಉತ್ತರ ಪ್ರದೇಶದ ಖುರ್ಜಾದಲ್ಲಿ ರಾಶಿಗಟ್ಟಲೆ ತಯಾರಾಗುವ ತಟ್ಟೆಯ ಜೊತೆ ರೇಟಿನಲ್ಲಿ ಗುದ್ದಾಡಿ ನಾವ್ಯಾರೂ ಗೆಲ್ಲಲ್ಲ.

ಕುಮಟಾದ ನಮ್ಮ ಮನೆಯ ಗೋಡೆಯೂ ಚಿರೆಕಲ್ಲಿನದೇ, ಹಾಗಾಗಿ ಕಲ್ಲು ನನಗೆ ಹೊಸದಲ್ಲ. ಡಿಚೋಲಿ ಹತ್ತಿರದ ಕ್ವಾರಿಯಲ್ಲಿ ಮಷೀನ್ ಕೊಯ್ದಾಗ ಬೀಳುವ ಪುಡಿ ರಾಶಿ ಬಿದ್ದಿರುತ್ತದೆ. ಚಹಾಕ್ಕೆ ದುಡ್ಡು ಕೊಟ್ಟರೆ ಎರಡು ಚೀಲ ಅವರೇ ತುಂಬಿಕೊಡುತ್ತಾರೆ. ತೊಳೆದು, ಒಣಗಿಸಿ, 100 ಮೆಶ್‌ನ ಸಣ್ಣ ಜರಡಿಯಲ್ಲಿ ಸೋಸಿ, ಗ್ಲೇಜ್‌ಗೆ ನೂರಕ್ಕೆ 30 ಭಾಗದಷ್ಟು ಹಾಕಿದೆ. ಒಣಗುವಾಗಲೇ ಬಿರುಕು. ಕಿಲ್ನ್ ತೆರೆದರೆ ಗ್ಲೇಜ್ ದ್ವೀಪ ದ್ವೀಪವಾಗಿ ಸರಿದು ನಿಂತಿತ್ತು. ಕ್ರಾಲಿಂಗ್ ಅಂದರೆ ಏನು ಅಂತ ಮಕ್ಕಳಿಗೆ ತೋರಿಸಲು ಒಳ್ಳೆ ಸ್ಯಾಂಪಲ್, ಅಷ್ಟೇ. ನನ್ನ ಹೆಲ್ಪರ್ ಗದಗ ಕಡೆಯವನು. "ಅಕ್ಕಾರ, ಈ ತಾಟು ಯಾರ್ ತಗೋತಾರ್ರೀ?" ಅಂದ. ಎರಡು ಮೂರು ತಿಂಗಳು ಹೀಗೇ ಹೋಯಿತು.

ಕಲ್ಲಿನ ಪುಡಿಯಲ್ಲಿ ಜೇಡಿಯೂ ಇದೆ, ಒಳಗೆ ನೀರೂ ಇದೆ. ಹಾಗಾಗಿ ಅದು ಕುಗ್ಗುತ್ತದೆ. ಈಗ ಮೂರರಲ್ಲಿ ಎರಡು ಪಾಲು ಪುಡಿಯನ್ನು ಬೋಗುಣಿಗೆ ತುಂಬಿ ಬಿಸ್ಕ್ (ಗ್ಲೇಜ್ ಹಚ್ಚುವ ಮುಂಚಿನ ಸುಡುವಿಕೆ) ಜೊತೆಗೇ 900ರ ಆಸುಪಾಸು ಸುಡುತ್ತೇನೆ. ಬೇರೆ ಕರೆಂಟ್ ಖರ್ಚಿಲ್ಲ. ಉಳಿದ ಒಂದು ಪಾಲು ಹಸಿ. ಗ್ಲೇಜ್ ಬಕೆಟ್‌ನ ತಳಕ್ಕೆ ಕೂರದಂತೆ ಅದು ಹಿಡಿದಿಡುತ್ತದೆ. ಚೈನಾ ಕ್ಲೇ (ಬಿಳಿ ಜೇಡಿ) ಪೂರ್ತಿ ತೆಗೆದುಹಾಕಿದೆ, ಅದು ಕೊಡುವ ಅಲ್ಯೂಮಿನಾ ಕಲ್ಲಿನಲ್ಲೇ ಬೇಕಾದಷ್ಟಿದೆ. ಕ್ರಾಲಿಂಗ್ ನಿಂತಿತು.

ಆದರೆ ಬಣ್ಣ ಕೆಂಪಲ್ಲ, ಸಪ್ಪೆ ಕಂದು. ಟಾಲ್ಕ್ (ಬಳಪದ ಕಲ್ಲಿನ ಪುಡಿ) ಮತ್ತು ಬೋನ್ ಆಶ್ (ಮೂಳೆಯ ಬೂದಿ) ಸೇರಿಸಿದ ಮೇಲೆ ಅಂಚಿನಲ್ಲಿ ಮಾತ್ರ ಸ್ವಲ್ಪ ಕೆಂಪು ಕಂಡಿತು. ನಿಜವಾದ ಗುಟ್ಟು ಇರುವುದು ಕೂಲಿಂಗ್‌ನಲ್ಲಿ. ಕೋನ್ 6 (ಸುಮಾರು 1220 ಡಿಗ್ರಿಗೆ ಬಾಗುವ, ಬಿಸಿ ಅಳೆಯುವ ಕಡ್ಡಿ) ಬಾಗಿದ ಮೇಲೆ ಕಿಲ್ನ್ ತನ್ನಷ್ಟಕ್ಕೆ ಬೇಗ ಆರಿದರೆ ಕಬ್ಬಿಣಕ್ಕೆ ಹರಳು ಕಟ್ಟಲು ಸಮಯ ಸಿಗಲ್ಲ. 1000ದಿಂದ ಕೆಳಗೆ ನಿಧಾನಕ್ಕೆ ಇಳಿಸಬೇಕು. ಎಲ್ಲಿ ನಿಲ್ಲಿಸುತ್ತೇನೆ, ಎಷ್ಟು ಹೊತ್ತು ಅನ್ನುವುದು ನನ್ನ ಹೊಟ್ಟೆಪಾಡು. ಅದನ್ನು ಕೇಳಬೇಡಿ. ದಪ್ಪದ ಬಗ್ಗೆ ಬೇಕಾದರೆ ಹೇಳುತ್ತೇನೆ. ತೆಳುವಾದರೆ ಕಂದು, ಜಾಸ್ತಿಯಾದರೆ ಸೋರಿ ಕಿಲ್ನ್ ಒಳಗಿನ ಶೆಲ್ಫ್‌ಗೆ ಅಂಟುತ್ತದೆ. ಹಾಗೆ ಮೂರು ಶೆಲ್ಫ್ ಹೋದವು, ಹತ್ತಿರ ಹತ್ತಿರ ಹತ್ತು ಸಾವಿರ.

ಬೋನ್ ಆಶ್ ವಿಷಯದಲ್ಲಿ ಇನ್ನೊಂದು ತಾಪತ್ರಯ. ಮುಂಬೈನ ಒಬ್ಬ ಜೈನ ಗ್ರಾಹಕರು "ಇದರಲ್ಲಿ ಮೂಳೆ ಇದೆಯಾ?" ಅಂತ ನೇರವಾಗಿ ಕೇಳಿದರು. ಅವತ್ತಿನಿಂದ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಬಳಸುತ್ತೇನೆ. ಕೆಲಸ ಅದೇ, ಬೆಲೆ ಸ್ವಲ್ಪ ಜಾಸ್ತಿ. ಸಸ್ಯಾಹಾರಿ ಹೋಟೆಲ್‌ಗಳಿಗೆ ಧೈರ್ಯವಾಗಿ ಹೇಳಬಹುದು.

ಕಲ್ಲು ಕ್ವಾರಿಯಿಂದ ಕ್ವಾರಿಗೆ ಬದಲಾಗುತ್ತದೆ. ಬೇರೆ ಕಡೆಯಿಂದ ತಂದ ಚೀಲದಲ್ಲಿ ಅರ್ಧ ಆರ್ಡರ್ ನೇರಳೆ ಕಂದಾಯಿತು. ಹಾಗಾಗಿ ಒಂದೇ ಜಾಗದ್ದು ತಂದು ವರ್ಷಕ್ಕೆ ಆಗುವಷ್ಟು ಇಟ್ಟುಕೊಳ್ಳುತ್ತೇನೆ. ಹೊಸ ಚೀಲ ಒಡೆದರೆ ಮೊದಲು ಟೆಸ್ಟ್ ಟೈಲ್. ಮಳೆಗಾಲದಲ್ಲಿ ಕರೆಂಟ್ ನಂಬಬೇಡಿ. 1100ರಲ್ಲಿ ಹೋದ ಕರೆಂಟ್ ರಾತ್ರಿಯೆಲ್ಲ ಬರಲಿಲ್ಲ. ಆ ಲೋಡ್ ಪೂರ್ತಿ ಒರಟು ಇಟ್ಟಿಗೆ ಬಣ್ಣ. ಮತ್ತೆ ಸುಟ್ಟರೆ ಅರ್ಧ ಸರಿಯಾಯಿತು, ಉಳಿದದ್ದನ್ನು ಸ್ಟಾಲ್‌ನಲ್ಲಿ ಗಿಡದ ಕೆಳಗಿಡುವ ತಟ್ಟೆ ಅಂತ 150ಕ್ಕೆ ಮಾರಿದೆ.

ನಡುವೆ ಸುಮ್ನೆ ಕೆಲವು ಆಟಗಳನ್ನೂ ಆಡಿದೆ. ಪೋದೇರ್ ಅಣ್ಣನ ಬ್ರೆಡ್ ಒಲೆಯ ಬೂದಿ ತಂದೆ. ಫ್ರಿಟ್ (ಬೇಗ ಕರಗುವ ಗಾಜಿನ ಪುಡಿ) ಇಲ್ಲದೆ 1220ರಲ್ಲಿ ಒಣಕಲು, ಫ್ರಿಟ್ ಸೇರಿಸಿದರೆ ಚಂದದ ಜೇನು ಬಣ್ಣ. ಗ್ಲೌಸ್ ಹಾಕದೆ ಕಲಸಿದರೆ ಬೂದಿ ಕೈ ತಿನ್ನುತ್ತದೆ, ಜೋಪಾನ. ಖಾನಾಪುರದ ಕೆಂಪು ಮಣ್ಣನ್ನೇ ಪೂರ್ತಿ ಬಳಸಿ ನೋಡಿದೆ, ಈ ಬಿಸಿಗೆ ಪೂರಿಯಂತೆ ಉಬ್ಬಿತು. ಈಗ ಸ್ಟೋನ್‌ವೇರ್ (ಹೆಚ್ಚು ಬಿಸಿ ತಡೆಯುವ) ಮಣ್ಣಿಗೆ ಅದನ್ನು ಸ್ವಲ್ಪವೇ ಬೆರೆಸುತ್ತೇನೆ. ತಿಸ್ರ್ಯಾ (ಇಲ್ಲಿನ ಕಪ್ಪೆಚಿಪ್ಪು) ಚಿಪ್ಪಿನ ಮೇಲೆ ಬಟ್ಟಲು ಇಟ್ಟು ಸುಟ್ಟರೆ ತಳದಲ್ಲಿ ಚಿಪ್ಪಿನ ಗುರುತು ಉಳಿಯುತ್ತದೆ. ಚಿಪ್ಪು ಸುಣ್ಣವಾಗಿರುತ್ತದೆ, ನೀರಿಗೆ ಹಾಕಿದರೆ ಪುಡಿಯಾಗಿ ಬಿಡುತ್ತದೆ. ಟೂರಿಸ್ಟ್‌ಗಳು ಆ ಗುರುತಿನ ಬಟ್ಟಲಿಗೆ ಮುಗಿಬೀಳುತ್ತಾರೆ.

ಗ್ಲೇಜ್ ಕೂತ ಮೇಲೆ ಶೆಫ್‌ಗಳ ಕಾಟ ಶುರು. ತಟ್ಟೆ ಒಂದರ ಮೇಲೊಂದು ಕೂರಬೇಕು, ಅಡಿಯ ರಿಂಗ್ ಕೆಳಗಿನ ತಟ್ಟೆಯನ್ನು ಗೀಚಬಾರದು. ಡೈಮಂಡ್ ಪ್ಯಾಡ್‌ನಲ್ಲಿ ಪ್ರತಿ ತಟ್ಟೆಯ ತಳ ಉಜ್ಜುತ್ತೇವೆ. ಬೇಜಾರಿನ ಕೆಲಸ, ಆದರೆ ಎರಡನೇ ಆರ್ಡರ್ ಬರುವುದು ಅದರಿಂದಲೇ. ಮ್ಯಾಟ್ ಗ್ಲೇಜ್ ಮೇಲೆ ಚಮಚದ ಬೂದು ಗೀರು ಬೀಳುತ್ತದೆ, ಅದಕ್ಕೆ ಊಟ ಬೀಳುವ ಜಾಗಕ್ಕೆ ಹೊಳಪಿನದೇ. ಹುಳಿಗೆ ಗ್ಲೇಜ್ ಕೆಡುತ್ತದಾ ಅಂತ ನೋಡುವ ವಿನೆಗರ್ ಟೆಸ್ಟ್ ಎಲ್ಲರೂ ಮಾಡುತ್ತಾರೆ. ನಾನು ಕೋಕಂ ರಸವನ್ನೂ ರಾತ್ರಿಯಿಡೀ ಇಡುತ್ತೇನೆ. ಇಲ್ಲಿ ಕೋಕಂನ ಸೋಲ್ ಕಢಿ ಬಡಿಸದ ಹೋಟೆಲ್ ಯಾವುದಿದೆ, ಅಲ್ವಾ?

ಇನ್ನು ದುಡ್ಡು. ಸೆಕೆಂಡ್ ಹ್ಯಾಂಡ್ ಕಿಲ್ನ್ ಮುಂಬೈನಿಂದ ಸಾಗಾಟ ಸೇರಿ ಒಂದೂಮುಕ್ಕಾಲು ಲಕ್ಷ ಇರಬೇಕು. ತ್ರೀ ಫೇಸ್ ವೈರಿಂಗ್‌ಗೆ ನಲವತ್ತು ಸಾವಿರದ ಹತ್ತಿರ. ಮೊದಲ ವರ್ಷ ಬರೀ ಕೈಯಿಂದ ಹೋದದ್ದೇ. ಹತ್ತಿಂಚಿನ ತಟ್ಟೆಯನ್ನು 650ಕ್ಕೆ ಕೊಡುತ್ತೇನೆ, ಕರೆಂಟ್, ಮಣ್ಣು, ಕೂಲಿ, ಒಡೆದದ್ದು ಎಲ್ಲ ಸೇರಿ ನನಗೆ 350ರ ಮೇಲೆ ಬೀಳುತ್ತದೆ. ಆರ್ಡರ್‌ಗಿಂತ ಹತ್ತರಲ್ಲೊಂದು ಪಾಲು ಜಾಸ್ತಿ ಮಾಡಿ ಇಡುತ್ತೇನೆ. ಆರು ತಿಂಗಳ ನಂತರ "ಅದೇ ಬಣ್ಣದ್ದು ನಾಲ್ಕು ಬೇಕು" ಅನ್ನುವ ಫೋನ್ ಬಂದೇ ಬರುತ್ತದೆ. ಅರ್ಧ ದುಡ್ಡು ಮುಂಗಡ ಇಲ್ಲದೆ ಮಣ್ಣು ಮುಟ್ಟಲ್ಲ. ಒಂದು ಹೋಟೆಲ್ ಸೀಸನ್ ಮುಗಿಯುತ್ತಿದ್ದಂತೆ ಬಾಗಿಲು ಹಾಕಿತು, ಅರುವತ್ತು ಸಾವಿರ ಇನ್ನೂ ಬಂದಿಲ್ಲ.

ನವೆಂಬರ್‌ನಿಂದ ಫೆಬ್ರವರಿವರೆಗೆ ವಾರಾಂತ್ಯದ ಕ್ಲಾಸ್, ತಲೆಗೆ 2,500. ವರ್ಷದ ಸಂಪಾದನೆಯಲ್ಲಿ ಮೂರನೇ ಒಂದು ಪಾಲು ಅದೇ. ಮುಂಬೈನ ಜೆ.ಜೆ. ಕಲಾ ಶಾಲೆಯಲ್ಲಿ ಸಿರಾಮಿಕ್ ಓದಿ ಬರುವ ಹುಡುಗರು ಇನ್‌ಸ್ಟಾಲೇಷನ್, ರೆಸಿಡೆನ್ಸಿ ಅಂತ ಓಡುತ್ತಾರೆ. ಓಡಲಿ. 2018ರಲ್ಲಿ ಜೈಪುರದಲ್ಲಿ ಇಂಡಿಯನ್ ಸಿರಾಮಿಕ್ಸ್ ಟ್ರಿಯೆನಾಲೆ ಅನ್ನುವ ಕಲಾಪ್ರದರ್ಶನ ಶುರುವಾದ ಮೇಲೆ ಆ ದಾರಿಯೂ ಅಗಲವಾಗಿದೆ. ಗ್ಯಾಲರಿಯಲ್ಲಿ ನನ್ನದೂ ಒಂದು ದೊಡ್ಡ ಹೂಜಿ 28,000ಕ್ಕೆ ಹೋಯಿತು, ಕಮಿಷನ್ ಕಳೆದು ಕೈಗೆ ಬಂದದ್ದು ಅರ್ಧ, ಅದೂ ವರ್ಷಕ್ಕೊಮ್ಮೆ. ಬಾಡಿಗೆ ಮಾತ್ರ ಪ್ರತಿ ತಿಂಗಳೂ ಕಟ್ಟಬೇಕು. ಮುಂಬೈ ಪಕ್ಕದ ಭಾಯಂದರ್‌ನ ಬ್ರಹ್ಮದೇವ್ ರಾಮ್ ಪಂಡಿತರು ಮಡಕೆ ಮಾಡುತ್ತಲೇ 2013ರಲ್ಲಿ ಪದ್ಮಶ್ರೀ ತೆಗೆದುಕೊಂಡರು. ತಟ್ಟೆ ಬಟ್ಟಲು ಮಾಡುವುದು ಎರಡನೇ ದರ್ಜೆ ಅನ್ನುವವರಿಗೆ ನಾನು ಅವರ ಹೆಸರು ಹೇಳಿ ಸುಮ್ಮನಾಗುತ್ತೇನೆ.

ಮುಂಬೈನಿಂದ ನಾನೂರು ತಟ್ಟೆಯ ಆರ್ಡರ್ ಬಂದಿದೆ. ಇರುವ ಕಿಲ್ನ್‌ನಲ್ಲಿ ನಿಧಾನದ ಕೂಲಿಂಗ್ ಮಾಡಿಕೊಂಡು ಅದು ಮುಗಿಯಲ್ಲ, ಹಾಗಾಗಿ ಎರಡನೆಯದು ಹುಡುಕುತ್ತಿದ್ದೇನೆ. ಮಾರುವವರಿದ್ದರೆ ತಿಳಿಸಿ. ಎಲಿಮೆಂಟ್ (ಕಿಲ್ನ್ ಬಿಸಿ ಮಾಡುವ ತಂತಿ) ಹೊಸದು ಅನ್ನುವವರು ಬಿಲ್ ತೋರಿಸಬೇಕು.