ಬ್ರೇಕ್ ಒತ್ತಿದಾಗ ಪಿಕಪ್ ನಡುಗುತ್ತಿದೆಯೇ? ಡಿಸ್ಕ್ ಬದಲಿಸುವ ಮುನ್ನ ಅಳೆದು ನೋಡಿ

ಪಿಕಪ್ ವಾಹನ ಗಂಟೆಗೆ 80–90 ಕಿ.ಮೀ. ವೇಗದಲ್ಲಿ ಸಾಗುತ್ತಿರುವಾಗ ಬ್ರೇಕ್ ಮೇಲೆ ಕಾಲಿಟ್ಟ ಕೂಡಲೇ ಸ್ಟೀರಿಂಗ್ ಕೈಯಲ್ಲಿ ಅದುರತೊಡಗುತ್ತದೆ, ಕಾಲು ತೆಗೆದರೆ ಸುಮ್ಮನಾಗುತ್ತದೆ. ಈ ದೂರಿಗೆ ಗ್ಯಾರೇಜಿನಲ್ಲಿ ಸಿಗುವ ಸಿದ್ಧ ಉತ್ತರ ‘ಡಿಸ್ಕ್ ಬೆಂಡ್ ಆಗಿದೆ, ಬದಲಿಸೋಣ’ ಎಂಬುದು. ಬದಲಿಸಿದ ಮೇಲೆ ನಡುಕ ಹೋಗುತ್ತದೆ ಕೂಡ. ಆದರೆ ಕೆಲವು ಸಾವಿರ ಕಿ.ಮೀ. ಓಡುವಷ್ಟರಲ್ಲಿ ಅದೇ ನಡುಕ ಮರಳಿ ಬಂದರೆ, ಡಿಸ್ಕನ್ನು ಬಿಟ್ಟು ಅದು ಕೂರುವ ಜಾಗವನ್ನು ಅನುಮಾನಿಸಬೇಕಾಗುತ್ತದೆ. ಅಳತೆ ಮಾಡದೆ ಬಿಡಿಭಾಗ ಬದಲಿಸುವುದನ್ನು ರಿಪೇರಿ ಎಂದು ಕರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ. ಡಯಲ್ ಗೇಜಿನ (ಕೂದಲೆಳೆಯಷ್ಟು ಓಲಾಟವನ್ನೂ ಅಳೆಯುವ ಸಾಧನ) ಮುಳ್ಳು ಏನು ಹೇಳುತ್ತದೆಂದು ನೋಡುವವರೆಗೆ ಹೊಸ ಡಿಸ್ಕ್ ಕೊಳ್ಳಬಾರದು ಎಂಬುದೇ ಈ ಲೇಖನದ ಒಟ್ಟು ವಾದ.

ನಡುಕ ಹುಟ್ಟುವುದು ಹೇಗೆ?

ಡಿಸ್ಕ್ ತಿರುಗುವಾಗ ಅದರ ಮುಖ ಒಳಕ್ಕೂ ಹೊರಕ್ಕೂ ಓಲಾಡುವುದನ್ನು ರನೌಟ್ ಎನ್ನುತ್ತಾರೆ. ಅನೇಕ ವಾಹನಗಳಲ್ಲಿ ಇದರ ಮಿತಿ ಸುಮಾರು 0.05 ಮಿ.ಮೀ., ಅಂದರೆ ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಕೆಲವು ತಯಾರಕರು 0.1 ಮಿ.ಮೀ.ವರೆಗೂ ಅವಕಾಶ ಕೊಡುತ್ತಾರೆ. ಆದ್ದರಿಂದ ನಿಮ್ಮ ವಾಹನದ ಸರ್ವಿಸ್ ಕೈಪಿಡಿಯಲ್ಲಿರುವ ಅಂಕಿಯನ್ನೇ ಪ್ರಮಾಣವೆಂದು ಹಿಡಿಯಬೇಕು. ಇಲ್ಲಿ ಬಹಳ ಜನ ಎಡವುವ ಒಂದು ಅಂಶವಿದೆ. ತೇಲುವ ಬಗೆಯ ಕ್ಯಾಲಿಪರ್ (ಪ್ಯಾಡುಗಳಿಂದ ಡಿಸ್ಕನ್ನು ಎರಡೂ ಕಡೆ ಒತ್ತಿ ಹಿಡಿಯುವ ಭಾಗ) ಡಿಸ್ಕಿನ ಜೊತೆಗೇ ಅತ್ತಿತ್ತ ಸರಿದುಕೊಳ್ಳುವುದರಿಂದ, ಬರೀ ಓಲಾಟವಷ್ಟೇ ಇದ್ದರೆ ಪೆಡಲಿಗೆ ಹೆಚ್ಚೇನೂ ತಿಳಿಯುವುದಿಲ್ಲ. ತಿಳಿಯುವುದು ಡಿಸ್ಕಿನ ದಪ್ಪ ಒಂದೊಂದು ಕಡೆ ಒಂದೊಂದು ತೆರನಾದಾಗ: ದಪ್ಪನೆಯ ಭಾಗ ಪ್ಯಾಡುಗಳ ನಡುವೆ ಹಾಯುವಾಗ ಪ್ಯಾಡನ್ನು ಒತ್ತುವ ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ, ತೆಳ್ಳನೆಯ ಭಾಗ ಬಂದಾಗ ಹಿಡಿತ ಸಡಿಲಾಗುತ್ತದೆ, ಈ ಏರಿಳಿತವೇ ಪೆಡಲಿನಲ್ಲಿ ಮಿಡಿತವಾಗಿ, ಸ್ಟೀರಿಂಗಿನಲ್ಲಿ ಅದುರಾಗಿ ಕಾಣಿಸಿಕೊಳ್ಳುತ್ತದೆ. ಇದಕ್ಕೆ 0.02 ಮಿ.ಮೀ. ವ್ಯತ್ಯಾಸವೂ ಸಾಕಾಗುತ್ತದೆ.

ಓಲಾಟವೇ ಕಾಲಕ್ರಮದಲ್ಲಿ ಈ ದಪ್ಪದ ವ್ಯತ್ಯಾಸವನ್ನು ಹುಟ್ಟಿಸುತ್ತದೆ. ಬ್ರೇಕ್ ಒತ್ತದೆ ಓಡುತ್ತಿರುವಾಗಲೂ ಓಲಾಡುವ ಡಿಸ್ಕಿನ ಉಬ್ಬು ಭಾಗ ಪ್ರತಿ ಸುತ್ತಿನಲ್ಲೂ ಪ್ಯಾಡನ್ನು ಸವರಿಕೊಂಡು ಹೋಗುತ್ತದೆ. ಪಿಕಪ್ಪಿನ ಚಕ್ರದ ಸುತ್ತಳತೆ 2.4 ಮೀಟರಿನಷ್ಟು ಎಂದುಕೊಂಡರೆ 5,000 ಕಿ.ಮೀ. ಓಡುವಷ್ಟರಲ್ಲಿ ಹೀಗೆ ಸವರುವುದು 20 ಲಕ್ಷಕ್ಕೂ ಹೆಚ್ಚು ಸಲ. ಆ ಜಾಗ ಸವೆದು ತೆಳ್ಳಗಾಗುತ್ತದೆ. ಹೊಸ ಡಿಸ್ಕ್ ಮೊದಲು ನಯವಾಗಿದ್ದು ಆಮೇಲೆ ನಡುಗತೊಡಗುವುದರ ಗುಟ್ಟು ಇದೇ. ‘ಬಿಸಿಗೆ ಬಾಗಿತು’ ಎಂಬ ಮಾತು ಬಾಯಿಂದ ಬಾಯಿಗೆ ಹರಿದಿದೆಯಾದರೂ, ಎರಕದ ಕಬ್ಬಿಣದ ಡಿಸ್ಕ್ ನಿಜವಾಗಿ ಬಾಗುವುದು ಅಪರೂಪ. ಸವೆತ, ಅಥವಾ ಪ್ಯಾಡಿನ ಪದಾರ್ಥ ಡಿಸ್ಕಿನ ಮೇಲೆ ತೇಪೆ ತೇಪೆಯಾಗಿ ಮೆತ್ತಿಕೊಳ್ಳುವುದು, ಇವೆರಡೇ ಹೆಚ್ಚಿನ ಪ್ರಸಂಗಗಳಲ್ಲಿ ಕಾರಣವಾಗಿರುತ್ತವೆ.

ಮೊದಲು ರಸ್ತೆಯಲ್ಲಿ ಪರೀಕ್ಷೆ

ಖಾಲಿಯಾದ, ನೇರವಾದ, ಒಣಗಿದ ರಸ್ತೆಯಲ್ಲಿ ವಾಹನವನ್ನು ನಿಧಾನವಾಗಿ ವೇಗಕ್ಕೆ ತನ್ನಿ. ಬ್ರೇಕ್ ಮುಟ್ಟದಿದ್ದರೂ 80ರಿಂದ 110 ಕಿ.ಮೀ. ನಡುವೆ ನಡುಕ ಬಂದು, ಅದಕ್ಕಿಂತ ಕೆಳಗೆ ಅಥವಾ ಮೇಲೆ ಕಡಿಮೆಯಾದರೆ ಟೈರಿನ ಬ್ಯಾಲೆನ್ಸ್, ಸೊಟ್ಟಗಾದ ರಿಮ್ ಅಥವಾ ಟೈರಿನ ಒಳಪದರದ ದೋಷವನ್ನು ಮೊದಲು ನೋಡಬೇಕು; ಅದನ್ನು ಸರಿಪಡಿಸದೆ ಬ್ರೇಕ್ ಕಡೆ ಹೋದರೆ ಎರಡು ರೋಗಗಳ ಲಕ್ಷಣ ಒಂದರೊಳಗೊಂದು ಬೆರೆತು ದಾರಿ ತಪ್ಪಿಸುತ್ತವೆ. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಬಂದು ಬಿಟ್ಟಾಗ ಹೋಗುವ ನಡುಕಕ್ಕೆ ಪ್ರೊಪೆಲ್ಲರ್ ಶಾಫ್ಟಿನ (ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ದಂಡ) ಕ್ರಾಸ್ ಜಾಯಿಂಟ್ ಅಥವಾ ನಾಲ್ಕು ಚಕ್ರ ಚಾಲನೆಯ ವಾಹನಗಳಲ್ಲಿ ಮುಂದಿನ ಆಕ್ಸಲ್ ಶಾಫ್ಟಿನ ಒಳಜಾಯಿಂಟ್ ಕಾರಣವಾಗಿರಬಹುದು. ನಡುಕದ ಲಯವೂ ಸುಳಿವು ಕೊಡುತ್ತದೆ. 100 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ 11–12 ಸುತ್ತು ತಿರುಗುವುದರಿಂದ ಟೈರ್ ಮತ್ತು ಡಿಸ್ಕಿನ ನಡುಕ ಬಿಡಿಬಿಡಿಯಾಗಿ ಕೈಗೆ ತಾಗುತ್ತದೆ. ಪ್ರೊಪೆಲ್ಲರ್ ಶಾಫ್ಟ್ ಅದರ ಮೂರ್ನಾಲ್ಕು ಪಟ್ಟು ವೇಗವಾಗಿ ತಿರುಗುವುದರಿಂದ ಅದರ ನಡುಕ ಒಂದೇ ಸಮನೆ ಗುಂಯ್‌ಗುಡುತ್ತದೆ.

ಬ್ರೇಕ್ ಒತ್ತಿದಾಗ ಮಾತ್ರ ನಡುಕ ಬರುತ್ತಿದ್ದರೆ ಅದು ಸ್ಟೀರಿಂಗಿಗೆ ಬರುತ್ತಿದೆಯೋ ಸೀಟಿಗೆ ಬರುತ್ತಿದೆಯೋ ಗಮನಿಸಿ. ಸ್ಟೀರಿಂಗಿಗೆ ಬಂದರೆ ಮುಂದಿನ ಚಕ್ರಗಳು, ಸೀಟು ಮತ್ತು ನೆಲಕ್ಕೆ ಬಂದರೆ ಹಿಂದಿನವು ಎಂಬುದು ಸಾಮಾನ್ಯ ಸೂತ್ರ. ಹಿಂದೆ ಡ್ರಮ್ ಬ್ರೇಕ್ ಮತ್ತು ಕೈಯಿಂದ ಎಳೆಯುವ ಹ್ಯಾಂಡ್‌ಬ್ರೇಕ್ ಇರುವ ಪಿಕಪ್ಪಿನಲ್ಲಿ, 40 ಕಿ.ಮೀ. ಆಸುಪಾಸಿನ ವೇಗದಲ್ಲಿ, ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಹ್ಯಾಂಡ್‌ಬ್ರೇಕನ್ನು ಬಹಳ ಮೆಲ್ಲಗೆ ಎಳೆದು ನೋಡಬಹುದು. ಆಗಲೂ ಅದುರಿದರೆ ಡ್ರಮ್ ದುಂಡಗಿಲ್ಲ ಎಂದರ್ಥ. ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇರುವ ವಾಹನದಲ್ಲಿ ಈ ಪರೀಕ್ಷೆ ಬೇಡ.

ಗೇಜ್ ಹಿಡಿಯುವ ಮುನ್ನ ‘ಪ್ಲೇ’ (ಸಡಿಲ) ನೋಡಿ

ಸಮತಟ್ಟಾದ ಗಟ್ಟಿ ನೆಲದಲ್ಲಿ ವಾಹನ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಅಡೆ ಕೊಟ್ಟು, ಮುಂಭಾಗವನ್ನು ಜಾಕಿನಿಂದ ಎತ್ತಿ ಸ್ಟ್ಯಾಂಡುಗಳ ಮೇಲೆ ಕೂರಿಸಿ. ಬರೀ ಜಾಕಿನ ಆಸರೆಯಲ್ಲಿ ಕೆಲಸ ಮಾಡಲೇಬಾರದು. ನಾಲ್ಕು ಚಕ್ರ ಚಾಲನೆಯ ವಾಹನವಾದರೆ ಎರಡು ಚಕ್ರದ ಸ್ಥಿತಿಗೆ ತಂದಿರಬೇಕು. ಈಗ ಚಕ್ರವನ್ನು ಮೇಲೆ ಮತ್ತು ಕೆಳಗೆ ಹಿಡಿದು ಅಲುಗಾಡಿಸಿದಾಗ ಸಡಿಲ ಕಂಡರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್, ಎಡಬಲಕ್ಕೆ ಹಿಡಿದು ಅಲುಗಾಡಿಸಿದಾಗ ಕಂಡರೆ ಟೈ ರಾಡಿನ ತುದಿ ಅಥವಾ ಸ್ಟೀರಿಂಗಿನ ಜೋಡಣೆ ಸವೆದಿರುತ್ತದೆ. ಇವು ನಡುಕವನ್ನು ಹುಟ್ಟಿಸುವುದಕ್ಕಿಂತ ಹೆಚ್ಚಾಗಿ, ಇರುವ ಸಣ್ಣ ನಡುಕವನ್ನು ಹಿಗ್ಗಿಸಿ ಕೈಗೆ ತಲುಪಿಸುತ್ತವೆ. ಬೇರಿಂಗಿನಲ್ಲಿ ಪ್ಲೇ ಇರುವಾಗ ರನೌಟ್ ಅಳೆದರೆ ಆ ಅಂಕಿಗೆ ಬೆಲೆಯೇ ಇಲ್ಲ.

ಅಳತೆ

ಚಕ್ರ ಬಿಚ್ಚಿದ ಮೇಲೆ, ಚಕ್ರವೇ ಇಲ್ಲದ ಡಿಸ್ಕ್ ಹಬ್ಬಿನ (ಡಿಸ್ಕ್ ಮತ್ತು ಚಕ್ರ ಕೂರುವ, ಅವುಗಳೊಡನೆ ತಿರುಗುವ ನಡುಭಾಗ) ಮೇಲೆ ಸಡಿಲವಾಗಿರುತ್ತದೆ ಎಂಬುದನ್ನು ಮರೆಯಬಾರದು. ಎಲ್ಲ ಸ್ಟಡ್ಡುಗಳಿಗೂ (ಚಕ್ರದ ನಟ್ಟು ಕೂರುವ, ಹಬ್ಬಿನಿಂದ ಚಾಚಿದ ಬೋಲ್ಟುಗಳು) ಸೂಕ್ತ ವಾಷರ್ ಹಾಕಿ, ನಟ್ಟುಗಳನ್ನು ಎದುರುಬದುರಿನ ಕ್ರಮದಲ್ಲಿ ಸಮನಾಗಿ ಬಿಗಿದರೆ ಮಾತ್ರ ಡಿಸ್ಕ್ ಹಬ್ಬಿಗೆ ಒತ್ತಿ ಕೂರುತ್ತದೆ. ಗೇಜಿನ ಅಯಸ್ಕಾಂತದ ಪೀಠವನ್ನು ಕದಲದ ಸ್ಟೀರಿಂಗ್ ನಕಲ್ (ಹಬ್ಬನ್ನು ಹೊತ್ತಿರುವ ಭಾಗ) ಮೇಲೆ ಕೂರಿಸಿ, ಡಿಸ್ಕಿನ ಹೊರ ಅಂಚಿನಿಂದ ಸುಮಾರು 10 ಮಿ.ಮೀ. ಒಳಗೆ ಮೊನೆಯನ್ನು ನೇರವಾಗಿ ತಾಗಿಸಿ. ಡಿಸ್ಕನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತ ಮುಳ್ಳು ಅತಿ ಕಡಿಮೆ ತೋರಿಸುವ ಜಾಗದಲ್ಲಿ ಸೊನ್ನೆಗೆ ತನ್ನಿ. ಅಲ್ಲಿಂದ ಒಂದು ಪೂರ್ತಿ ಸುತ್ತು ತಿರುಗಿಸಿ. ಡಯಲಿನ ಒಂದೊಂದು ಗೆರೆ 0.01 ಮಿ.ಮೀ. ಮುಳ್ಳು ಮೂರ್ನಾಲ್ಕು ಗೆರೆ ಏರಿ ಇಳಿದರೆ ಚಿಂತೆಯಿಲ್ಲ. ಒಂಬತ್ತು ಹತ್ತು ಗೆರೆಯವರೆಗೆ ಮೆಲ್ಲಗೆ ಏರಿ ಮತ್ತೆ ಮೆಲ್ಲಗೆ ಸೊನ್ನೆಗೆ ಇಳಿದರೆ ಡಿಸ್ಕ್ ಒಂದು ಕಡೆ ವಾಲಿ ಕೂತಿದೆ ಎಂದರ್ಥ. ಒಂದೇ ಸುತ್ತಿನಲ್ಲಿ ಹಲವು ಸಲ ಏರಿಳಿದರೆ ಡಿಸ್ಕಿನ ಮುಖವೇ ಅಲೆಯಲೆಯಾಗಿದೆ. ಉಬ್ಬು ಸಿಕ್ಕ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ, ಡಿಸ್ಕ್ ಯಾವ ಸ್ಟಡ್ಡಿಗೆ ಯಾವ ತೂತು ಹೊಂದಿಸಿ ಕೂತಿತ್ತೆಂಬುದನ್ನೂ ಗುರುತು ಮಾಡಿಕೊಳ್ಳಿ. ಆಮೇಲೆ ಮೈಕ್ರೋಮೀಟರಿನಿಂದ ಸುತ್ತಲೂ ಎಂಟು ಕಡೆ ದಪ್ಪ ಅಳೆಯಿರಿ. ಡಿಸ್ಕಿನ ಮೇಲೆ ಕೆತ್ತಿರುವ ಕನಿಷ್ಠ ದಪ್ಪಕ್ಕಿಂತ ಕಡಿಮೆಯಿದ್ದರೆ ಮುಂದಿನ ಚರ್ಚೆಯೇ ಬೇಡ, ಅದನ್ನು ಬದಲಿಸಲೇಬೇಕು.

ಇನ್ನು ಕ್ಯಾಲಿಪರನ್ನು ತಂತಿಯಿಂದ ತೂಗುಹಾಕಿ (ರಬ್ಬರ್ ಪೈಪಿನ ಮೇಲೆ ಭಾರ ಬಿಡಬಾರದು) ಡಿಸ್ಕನ್ನು ಕಳಚಿ, ಹಬ್ಬಿನ ಮುಖವನ್ನು ಬೆಳಕಿನಲ್ಲಿ ನೋಡಿ. ನಾನು ನೋಡಿದ ಒಂದು ಹಬ್ಬಿನಲ್ಲಿ ಎರಡು ಸ್ಟಡ್ಡುಗಳ ನಡುವೆ, ಹೊರ ಅಂಚಿಗೆ ಹತ್ತಿಕೊಂಡು, ಅಕ್ಕಿಕಾಳಿಗಿಂತ ಚಿಕ್ಕದಾದ ತುಕ್ಕಿನ ಹಕ್ಕಳೆಯೊಂದು ಡಿಸ್ಕಿನ ಒತ್ತಡಕ್ಕೆ ಕನ್ನಡಿಯಂತೆ ಹೊಳಪುಗಟ್ಟಿ ಕೂತಿತ್ತು; ಬೆರಳು ಸವರಿದರೆ ಏನೂ ತಿಳಿಯುತ್ತಿರಲಿಲ್ಲ, ಉಗುರು ಎಳೆದಾಗ ಮಾತ್ರ ತಡೆಯುತ್ತಿತ್ತು. ಹಬ್ಬಿನ ಮುಖದ ವ್ಯಾಸ 140 ಮಿ.ಮೀ., ಗೇಜಿನ ಮೊನೆ ಸುತ್ತುವ ವ್ಯಾಸ 280 ಮಿ.ಮೀ. ಆದರೆ, ಅಂಚಿನಲ್ಲಿ ಕೂತ 0.05 ಮಿ.ಮೀ. ತುಕ್ಕು ಡಿಸ್ಕಿನಂಚಿನಲ್ಲಿ 0.1 ಮಿ.ಮೀ. ಓಲಾಟವಾಗುತ್ತದೆ. ಆ ವಾಹನಕ್ಕೆ ಅದಾಗಲೇ ಎರಡು ಸಲ ಡಿಸ್ಕ್ ಬದಲಿಸಲಾಗಿತ್ತು.

ತಂತಿ ಬ್ರಷ್ ಮತ್ತು ಎಮರಿ ಪೇಪರಿನಿಂದ ಹಬ್ಬಿನ ಮುಖವನ್ನೂ ಡಿಸ್ಕಿನ ಒಳಮುಖವನ್ನೂ, ಮುಖ್ಯವಾಗಿ ಸ್ಟಡ್ಡುಗಳ ಬುಡವನ್ನು, ಲೋಹ ಕಾಣುವವರೆಗೆ ಉಜ್ಜಿ. ಬ್ರೇಕಿನ ಧೂಳನ್ನು ಗಾಳಿ ಬಿಟ್ಟು ಹಾರಿಸಬೇಡಿ, ಅದು ಉಸಿರಿಗೆ ಒಳ್ಳೆಯದಲ್ಲ. ಈಗ ಹಬ್ಬಿನ ಮುಖದ ಮೇಲೇ ಗೇಜ್ ಇಟ್ಟು ಅಳೆಯಿರಿ. ಡಿಸ್ಕಿಲ್ಲದೆಯೂ ಮುಳ್ಳು ಕೈಪಿಡಿಯ ಮಿತಿ ಮೀರಿ ಓಡಿದರೆ ಹಬ್ ಅಥವಾ ಬೇರಿಂಗ್ ಬದಲಿಸಬೇಕಾಗುತ್ತದೆ, ಯಾಕೆಂದರೆ ಅದರ ಮೇಲೆ ಎಷ್ಟು ಹೊಸ ಡಿಸ್ಕ್ ಕೂರಿಸಿದರೂ ಓಲಾಟ ತಪ್ಪದು.

ಹಬ್ ಸರಿಯಿದ್ದು, ಡಿಸ್ಕ್ ಹಾಕಿದಾಗ ಓಲಾಟ ಸ್ವಲ್ಪವೇ ಹೆಚ್ಚಿದ್ದರೆ, ಡಿಸ್ಕನ್ನು ಒಂದೊಂದೇ ಸ್ಟಡ್ಡಿನಷ್ಟು ತಿರುಗಿಸಿ ಕೂರಿಸಿ ಮತ್ತೆ ಅಳೆಯಿರಿ. ಆರು ಸ್ಟಡ್ಡಿನ ಹಬ್ಬಿನಲ್ಲಿ ಪ್ರತಿ ಹೆಜ್ಜೆಗೆ 60 ಡಿಗ್ರಿ. ಡಿಸ್ಕಿನ ಉಬ್ಬು ಹಬ್ಬಿನ ತಗ್ಗಿಗೆ ಹೊಂದಿಕೊಳ್ಳುವ ಒಂದು ಸ್ಥಾನದಲ್ಲಿ ಎರಡೂ ದೋಷಗಳು ಒಂದನ್ನೊಂದು ಕಳೆದುಕೊಂಡು ಅಂಕಿ ಮಿತಿಯೊಳಗೆ ಬರುವುದುಂಟು. ಖರ್ಚಿಲ್ಲದ ಈ ಉಪಾಯವನ್ನು ಬಹಳ ಮಂದಿ ಪ್ರಯತ್ನಿಸುವುದೇ ಇಲ್ಲ. ದಪ್ಪದ ವ್ಯತ್ಯಾಸವಿದ್ದು ಡಿಸ್ಕ್ ಇನ್ನೂ ಸಾಕಷ್ಟು ದಪ್ಪವಾಗಿದ್ದರೆ ಲೇತಿನಲ್ಲಿ ಕಡೆಸಿ ಸಮಮಾಡಿಸಬಹುದು. ವಾಹನದ ಮೇಲೆಯೇ ಡಿಸ್ಕ್ ಕಡೆಯುವ ಲೇತ್ ಸಿಕ್ಕರೆ ಅದೇ ಲೇಸು, ಏಕೆಂದರೆ ಆಗ ಡಿಸ್ಕಿನ ಮುಖ ಅದೇ ಹಬ್ಬಿಗೆ ತಕ್ಕಂತೆ ಸಮವಾಗುತ್ತದೆ. ಕ್ಯಾಲಿಪರಿನ ಸ್ಲೈಡ್ ಪಿನ್ನುಗಳು (ಕ್ಯಾಲಿಪರ್ ಅತ್ತಿತ್ತ ಸರಿಯಲು ಇರುವ ಕಡ್ಡಿಗಳು) ಬೆರಳಿನಿಂದ ಸರಾಗವಾಗಿ ಜಾರುತ್ತವೆಯೇ ಎಂದೂ ನೋಡಿ. ಜಾರದೆ ಹಿಡಿದುಕೊಂಡ ಪಿನ್ ಪ್ಯಾಡನ್ನು ಡಿಸ್ಕಿಗೆ ಒತ್ತಿಯೇ ಇಟ್ಟು ಮತ್ತೆ ಅದೇ ಸವೆತಕ್ಕೆ ದಾರಿ ಮಾಡುತ್ತದೆ.

ಚಕ್ರ ಹಾಕುವಾಗ ನಟ್ಟುಗಳನ್ನು ಗಾಳಿ ಗನ್ನಿನಿಂದ ಬಿಗಿದು ಬಿಟ್ಟುಬಿಡುವುದು ಈವರೆಗಿನ ಶ್ರಮವನ್ನೆಲ್ಲ ಹಾಳುಮಾಡಬಲ್ಲದು, ಏಕೆಂದರೆ ಬಿಗಿತ ಹೆಚ್ಚುಕಡಿಮೆಯಾದರೆ ಡಿಸ್ಕಿನ ನಡುಭಾಗ ಜಗ್ಗಿ ಓಲಾಟ ಮರಳುತ್ತದೆ. ಟಾರ್ಕ್ ರೆಂಚಿನಿಂದ (ಬಿಗಿತವನ್ನು ಅಳೆದು ತೋರಿಸುವ ಪಾನಾ), ಎದುರುಬದುರಿನ ಕ್ರಮದಲ್ಲಿ, ಎರಡು ಮೂರು ಹಂತಗಳಲ್ಲಿ ಕೈಪಿಡಿಯ ಅಂಕಿಗೆ ತನ್ನಿ. ವಾಹನ ಕದಲಿಸುವ ಮುನ್ನ ಪೆಡಲ್ ಗಟ್ಟಿಯಾಗುವವರೆಗೆ ಹಲವು ಸಲ ಒತ್ತಿ. ಪ್ಯಾಡ್ ಅಥವಾ ಡಿಸ್ಕ್ ಹೊಸದಾಗಿದ್ದರೆ, ಖಾಲಿ ರಸ್ತೆಯಲ್ಲಿ 60 ಕಿ.ಮೀ. ವೇಗದಿಂದ 15ಕ್ಕೆ ಇಳಿಯುವಷ್ಟು ಮಧ್ಯಮ ಬ್ರೇಕನ್ನು ಎಂಟು ಹತ್ತು ಸಲ, ಪೂರ್ತಿ ನಿಲ್ಲದೆ ಹಾಕಿ, ಆಮೇಲೆ ಬ್ರೇಕ್ ಮುಟ್ಟದೆ ಕೆಲವು ನಿಮಿಷ ಓಡಿಸಿ ತಣಿಯಲು ಬಿಡಿ. ಕಾದ ಡಿಸ್ಕಿನ ಮೇಲೆ ಪೆಡಲ್ ಒತ್ತಿಕೊಂಡು ನಿಂತರೆ ಪ್ಯಾಡಿನ ಅಚ್ಚು ಅಲ್ಲೇ ಕೂರುತ್ತದೆ. 100 ಕಿ.ಮೀ. ಓಡಿದ ಮೇಲೆ ನಟ್ಟುಗಳ ಬಿಗಿತವನ್ನು ಅದೇ ರೆಂಚಿನಿಂದ ಇನ್ನೊಮ್ಮೆ ಪರೀಕ್ಷಿಸಿ.