ವಿಮೆಯಲ್ಲಿ ಕಡಿತವಾದ ಹಣವನ್ನು ಲಾರಿಯ ವಿಮಾ ಕಂಪನಿಯಿಂದ ಪಡೆದದ್ದು: ನನ್ನ ಅನುಭವ

ಸ್ವಂತ ವಿಮೆಯಿಂದ ಓನ್ ಡ್ಯಾಮೇಜ್ ಕ್ಲೇಮ್ (ನಮ್ಮದೇ ಕಾರಿಗೆ ಆದ ಹಾನಿಯ ಹಣ) ಪಡೆದ ಮೇಲೆ ಡಿಕ್ಕಿ ಹೊಡೆದವರಿಂದ ಒಂದು ರೂಪಾಯಿಯೂ ಹುಟ್ಟುವುದಿಲ್ಲ ಎಂದು ಗ್ಯಾರೇಜಿನವರು, ವಿಮಾ ಏಜೆಂಟರು, ಕೊನೆಗೆ ನಾನು ಮೊದಲು ಭೇಟಿಯಾದ ವಕೀಲರು ಕೂಡ ಹೇಳಿದ್ದರು. ಕಳೆದ ತಿಂಗಳು ಸುಮಾರು 57,000 ರೂಪಾಯಿ ನನ್ನ ಖಾತೆಗೆ ಬಂದಿದೆ. ಅದು ಬಂದ ದಾರಿಯನ್ನು ಕಾರು ಇಟ್ಟುಕೊಂಡಿರುವ ಇತರರಿಗಾಗಿ ಬರೆಯುತ್ತಿದ್ದೇನೆ.

ತುಮಕೂರು ರಸ್ತೆಯ ಸಿಗ್ನಲ್‌ನಲ್ಲಿ ನಿಂತಿದ್ದ ನನ್ನ ಕಾರಿಗೆ ಸರಕು ಲಾರಿಯೊಂದು ಹಿಂದಿನಿಂದ ಗುದ್ದಿತು. ಯಾರಿಗೂ ಗಾಯವಾಗಲಿಲ್ಲ. ಲಾರಿಯ ಮಾಲೀಕರು ಫೋನಿನಲ್ಲೇ 10,000 ರೂಪಾಯಿ ಕೊಟ್ಟು ಮುಗಿಸಲು ನೋಡಿದರು. ನಾನು ಒಪ್ಪದೆ ಠಾಣೆಗೆ ಹೋಗಿ ಎಫ್‌ಐಆರ್ ಮಾಡಿಸಿದೆ; ಮುಂದಿನ ಕೆಲಸವೆಲ್ಲ ನಿಂತದ್ದು ಆ ಒಂದು ಹಟದ ಮೇಲೆ.

ಗ್ಯಾರೇಜಿನ ಬಿಲ್ಲು ಸುಮಾರು 1,80,000 ರೂಪಾಯಿ ಆಯಿತು. ಕಾರಿಗೆ ಮೂರು ವರ್ಷ ತುಂಬಿ ನಾಲ್ಕನೆಯದು ನಡೆಯುತ್ತಿದ್ದುದರಿಂದ ಲೋಹದ ಭಾಗಗಳ ಮೇಲೆ ಶೇ. 25, ಪ್ಲಾಸ್ಟಿಕ್ ಮತ್ತು ರಬ್ಬರಿನ ಮೇಲೆ ಶೇ. 50 ಸವಕಳಿಯನ್ನು, ಅಂದರೆ ಭಾಗಗಳು ಹಳತಾದವೆಂದು ಬೆಲೆಯಲ್ಲಿ ಮಾಡುವ ಕಡಿತವನ್ನು, ನನ್ನ ವಿಮಾ ಕಂಪನಿಯವರು ಕಳೆದರು. ಈಗಿನ ಕಾರುಗಳ ಹಿಂಭಾಗದಲ್ಲಿ ಪ್ಲಾಸ್ಟಿಕ್ಕೇ ಹೆಚ್ಚು. ನನ್ನ ಬಿಲ್ಲಿನಲ್ಲಿ ಅದೊಂದರಿಂದಲೇ ಸುಮಾರು 35,000 ರೂಪಾಯಿ ಹೋಯಿತು. ಬಣ್ಣದ ಸಾಮಗ್ರಿಯ ಅರ್ಧ, ನಟ್ಟು ಬೋಲ್ಟು ಎಣ್ಣೆಗಳ ವೆಚ್ಚ, ಪ್ರತಿ ಕ್ಲೇಮಿನಲ್ಲೂ ವಾಹನದ ಮಾಲೀಕರೇ ಹೊರಬೇಕಾದ 1,000 ರೂಪಾಯಿ ಕಡ್ಡಾಯ ಕಡಿತ ಎಲ್ಲ ಸೇರಿ ನನ್ನ ಜೇಬಿನಿಂದ ಹೋದದ್ದು 58,000. ಶೇ. 35ಕ್ಕೆ ಬಂದಿದ್ದ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಕೂಡ ಸೊನ್ನೆಗೆ ಇಳಿಯಿತು. ನಿಂತಿದ್ದ ಕಾರಿಗೆ ಬೇರೊಬ್ಬರು ಗುದ್ದಿ, ನಷ್ಟವನ್ನು ನಾನು ಹೊರಬೇಕಾದದ್ದು ನನಗೆ ನುಂಗಲಾಗದ ಮಾತಾಯಿತು.

ಮೊದಲ ನಾಲ್ಕು ತಿಂಗಳು ನಾನು ಹಿಡಿದ ದಾರಿಗಳು ತಪ್ಪಾಗಿದ್ದವು. ಲಾರಿಯ ವಿಮಾ ಕಂಪನಿಗೆ ನೇರವಾಗಿ ಪತ್ರ ಬರೆದೆ. ನ್ಯಾಯಮಂಡಳಿಯ ಆದೇಶವಿಲ್ಲದೆ ಥರ್ಡ್ ಪಾರ್ಟಿ ಹಣ (ವಿಮೆ ಮಾಡಿಸಿದ ವಾಹನದಿಂದ ಬೇರೆಯವರಿಗೆ ಆದ ನಷ್ಟದ ಹಣ) ಕೊಡುವುದಿಲ್ಲ ಎಂಬ ಎರಡು ಸಾಲಿನ ಉತ್ತರ ಬಂತು. ಬಳಿಕ 2,500 ರೂಪಾಯಿ ಕೊಟ್ಟು ನೋಟಿಸ್ ಕಳುಹಿಸಿ, ಗ್ರಾಹಕರ ಆಯೋಗದ ಬಾಗಿಲು ತಟ್ಟಿದೆ. ಆ ಕಂಪನಿಗೆ ಪ್ರೀಮಿಯಂ ಕಟ್ಟಿದವರು ಲಾರಿಯ ಮಾಲೀಕರೇ ಹೊರತು ನಾನಲ್ಲವಾದ್ದರಿಂದ ಅಲ್ಲಿ ನಾನು ಗ್ರಾಹಕನೇ ಆಗಲಿಲ್ಲ. ಮೋಟಾರು ವಾಹನ ಕಾಯ್ದೆಯ 166ನೆಯ ಕಲಮಿನಡಿ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ನಿಯಮ 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವುದು ನನಗೆ ತಿಳಿದದ್ದು ಐದನೆಯ ತಿಂಗಳಿನಲ್ಲಿ. ಎರಡನೆಯ ವಕೀಲರು ಮೂರು ವಾರದಲ್ಲಿ ಕಾಗದ ಕಟ್ಟಿ ಬೆಂಗಳೂರಿನ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಿದರು. ಗಾಯವಿಲ್ಲದೆ ಆಸ್ತಿ ನಷ್ಟವಷ್ಟೇ ಆಗಿದ್ದರೂ ಅಲ್ಲಿ ಕೇಳಬಹುದು.

ಗೆಲುವಿನ ಬೇರು ಇದ್ದದ್ದು ಡಿಸ್ಚಾರ್ಜ್ ವೋಚರಿನಲ್ಲಿ, ಅಂದರೆ ಕ್ಲೇಮ್ ಹಣ ಪಡೆಯುವಾಗ ಸಹಿ ಹಾಕಿಕೊಡುವ ರಸೀದಿಯಲ್ಲಿ. ನನ್ನ ವಿಮಾ ಕಂಪನಿ ಕೊಟ್ಟ ವೋಚರಿನಲ್ಲಿ ‘ಪೂರ್ಣ ಮತ್ತು ಅಂತಿಮ’ ಎಂದು ಅಚ್ಚಾಗಿತ್ತು. ಅದಕ್ಕೆ ಹಾಗೆಯೇ ಸಹಿ ಹಾಕಿದ್ದರೆ, ನಷ್ಟವೆಲ್ಲ ತುಂಬಿಬಂದಿದೆ ಎಂದು ನಾನೇ ಬರೆದುಕೊಟ್ಟಂತೆ ಎದುರು ವಕೀಲರು ವಾದಿಸುತ್ತಿದ್ದರು. ಸಹಿಯ ಮೇಲೆ ನಾನು, ನಷ್ಟವೆಲ್ಲ ತುಂಬಿಬಂದಿಲ್ಲ, ಉಳಿದದ್ದನ್ನು ಕೇಳುವ ಹಕ್ಕು ಬಿಟ್ಟಿಲ್ಲ ಎಂಬ ಅರ್ಥದ ಒಂದು ಸಾಲು ಸೇರಿಸಿದ್ದೆ. ಆ ಸಾಲಿನ ಪದಗಳನ್ನು ಇಲ್ಲಿ ಕೊಡುವುದಿಲ್ಲ. ಪಾಲಿಸಿಗೆ ತಕ್ಕಂತೆ ಅದು ಬದಲಾಗಬೇಕು, ನಿಮ್ಮ ವಕೀಲರಿಂದಲೇ ಬರೆಸಿಕೊಳ್ಳಿ. ಅದನ್ನು ಯಾರ ಸಲಹೆಯೂ ಇಲ್ಲದೆ ಬರೆದೆನೆಂಬುದು ನನಗೆ ಇಂದಿಗೂ ಹೆಮ್ಮೆ.

ವಿಚಾರಣೆಯಲ್ಲಿ ಎದುರು ಕಂಪನಿ ಮೊದಲು ತನ್ನ ಹೊಣೆ 6,000 ರೂಪಾಯಿಗೆ ಸೀಮಿತ ಎಂದಿತು. ಲಾರಿಯ ಪಾಲಿಸಿಯನ್ನು ತರಿಸಿದಾಗ ಆಸ್ತಿ ನಷ್ಟದ ಮಿತಿ 7.5 ಲಕ್ಷ ಎಂದು ಅದರಲ್ಲೇ ಇತ್ತು. ನಂತರ ಎರಡೆರಡು ಬಾರಿ ಹಣ ಕೇಳುತ್ತಿದ್ದಾರೆ ಎಂಬ ಆಕ್ಷೇಪ ಬಂತು. ನನ್ನ ಕಂಪನಿ ಕೊಟ್ಟ 1,22,000 ರೂಪಾಯಿಯನ್ನು ಅರ್ಜಿಯಲ್ಲೇ ತೋರಿಸಿ, ಕಡಿತವಾದದ್ದನ್ನು ಮಾತ್ರ ಕೇಳಿದ್ದರಿಂದ ಅದೂ ನಿಲ್ಲಲಿಲ್ಲ. ಮೂಲ ಬಿಲ್ಲು ನನ್ನ ಕಂಪನಿಯ ಕಡತಕ್ಕೆ ಸೇರಿಹೋಗಿ, ನನ್ನ ಬಳಿ ಜೆರಾಕ್ಸ್ ಮಾತ್ರ ಉಳಿದಿದ್ದರಿಂದ ಎರಡು ತಾರೀಖು ವ್ಯರ್ಥವಾದವು. ಪ್ರತಿ ಭಾಗಕ್ಕೂ ಕಳೆದ ಸವಕಳಿ ಬರೆದಿದ್ದ ಸರ್ವೇಯರ್ (ವಿಮೆಗಾಗಿ ಹಾನಿಯನ್ನು ಅಂದಾಜು ಮಾಡುವವರು) ವರದಿ ಕೈಗೆ ಬಂದ ಮೇಲೆಯೇ ಲೆಕ್ಕ ಗಟ್ಟಿಯಾಯಿತು. ಮೋಟಾರು ವಾಹನ ನಿರೀಕ್ಷಕರ ವರದಿಯಲ್ಲಿ ಹಿಂಬದಿ ಕ್ಯಾಮೆರಾ ಮತ್ತು ಸೆನ್ಸರುಗಳ ಉಲ್ಲೇಖವಿರಲಿಲ್ಲವಾದ್ದರಿಂದ 6,000 ರೂಪಾಯಿ ಹೋಯಿತು. ತಪಾಸಣೆಯ ದಿನ ನಾನು ಠಾಣೆಯ ಆವರಣದಲ್ಲಿ ಇರಬೇಕಿತ್ತು. ಕಾರಿಲ್ಲದ ಮೂರು ವಾರ ಟ್ಯಾಕ್ಸಿಗೆ ಕೊಟ್ಟ ಸುಮಾರು 14,000 ರೂಪಾಯಿಯೂ ನನಗೆ ಸಿಗಲಿಲ್ಲ.

ಅರ್ಜಿ ಹಾಕಿದ ಒಂದೂವರೆ ವರ್ಷದ ಮೇಲೆ 52,000 ರೂಪಾಯಿ, ಜೊತೆಗೆ ಶೇ. 6 ಬಡ್ಡಿ ಎಂದು ಆದೇಶವಾಯಿತು. ವಕೀಲರ ಶುಲ್ಕ ಸುಮಾರು 12,000, ಓಡಾಟ ಮತ್ತು ನಕಲು ಪ್ರತಿಗಳಿಗೆ 2,000 ಕಳೆದರೆ ಕೈಯಲ್ಲಿ 43,000 ಉಳಿದಿದೆ. ಕಡಿತದ ಮೊತ್ತ 20,000ಕ್ಕಿಂತ ಕಡಿಮೆಯಿದ್ದರೆ ಈ ದಾರಿ ಹಿಡಿಯುವುದು ಬೇಡ ಎಂಬುದು ನನ್ನ ಲೆಕ್ಕ.

ಈ ನಡುವೆ ಮನೆಯ ಇನ್ನೊಂದು ಕಾರಿಗೆ ಜೀರೋ ಡೆಪ್ (ಸವಕಳಿ ಕಳೆಯದಿರುವ ಹೆಚ್ಚುವರಿ ವಿಮೆ) ಸೇರಿಸಿ ನೋಡಿದೆ. ಪ್ರೀಮಿಯಂ ಎರಡು ಸಾವಿರದಷ್ಟು ಏರಿತು. ಆ ವರ್ಷವೇ ಬಂಪರ್ ಒಡೆದಾಗ ಪ್ಲಾಸ್ಟಿಕ್ಕಿನ ಸವಕಳಿ ಕಳೆಯದೆ ಹಣ ಬಂತು, ಆದರೆ ಬೋನಸ್ ಹೋಯಿತು. ಥರ್ಡ್ ಪಾರ್ಟಿ ಪಾಲಿಸಿಯಷ್ಟೇ ಇದ್ದ ನನ್ನ ಭಾವನವರ ಹಳೆಯ ಕಾರಿಗೆ ಕಳೆದ ವರ್ಷ ಟೆಂಪೊ ಗುದ್ದಿದಾಗ, ಪೂರ್ತಿ ಬಿಲ್ಲನ್ನೇ ಕೇಳಿ ಇದೇ ರೀತಿ ಅರ್ಜಿ ಹಾಕಿಸಿದ್ದೇನೆ. ಈ ಬಾರಿ ವಾಹನ ನಿರೀಕ್ಷಕರ ತಪಾಸಣೆಗೆ ನಾನೇ ಹೋಗಿದ್ದೆ, ಒಡೆದ ಭಾಗ ಒಂದೂ ಬಿಟ್ಟುಹೋಗಿಲ್ಲ. ಗ್ಯಾರೇಜಿನವರ ಸಾಕ್ಷ್ಯ ಮುಂದಿನ ತಾರೀಖಿಗಿದೆ.